ವೆಲ್ಡಿಂಗ್ ಹುಡುಗರಿಗೆ ನ್ಯುಮೋನಿಯಾ ಲಸಿಕೆ: ಹಾಕಿಸಬೇಕಾ, ಬೇಡವಾ?

ಗೇಟು ಗ್ರಿಲ್ಲು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲ ರೇಲಿಂಗು ಮಾಡುತ್ತೇವೆ. ಮೆಕ್ಕೆಜೋಳ ಕಟಾವಿಗೆ ಮುಂಚೆ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಜಾಸ್ತಿ ಬರುತ್ತದೆ. ಶುರು ಮಾಡಿ 17 ವರ್ಷ ಆಯಿತು. ಮೊದಲ ಹತ್ತು ವರ್ಷ ಹೋಲ್ಡರ್ ನನ್ನ ಕೈಯಲ್ಲೇ ಇತ್ತು. ಈಗ ಶುಗರ್ ಬಂದ ಮೇಲೆ ಅಳತೆ, ಕೊಟೇಶನ್, ಬಾಕಿ ವಸೂಲಿ ಇಷ್ಟೇ ನನ್ನ ಕೆಲಸ. ವಸೂಲಿಗಿಂತ ವೆಲ್ಡಿಂಗೇ ಸುಲಭ ಇತ್ತು ಅನ್ನಿ. ಕೆಲಸಕ್ಕೆ ನಾಲ್ಕು ಜನ ಇದ್ದಾರೆ.

ಅದರಲ್ಲಿ ಒಬ್ಬ ಜಗಳೂರು ಕಡೆ ಹಳ್ಳಿಯ ಹುಡುಗ. ವಯಸ್ಸು 27. ಗಟ್ಟಿಮುಟ್ಟಾಗಿದ್ದಾನೆ, 6 ಎಂಎಂ ಆಂಗಲ್ಲಿನ ಗೇಟಿನ ಒಂದು ತುದಿ ಒಬ್ಬನೇ ಎತ್ತುತ್ತಾನೆ. ಆಷಾಢದಲ್ಲಿ ಒಂದು ಶನಿವಾರ ದನದ ಕೊಟ್ಟಿಗೆಗೆ ಅಂತ ಜಿಐ ಪೈಪಿನ, ಅಂದರೆ ಸತುವಿನ ಲೇಪನ ಇರುವ ಕಬ್ಬಿಣದ ಪೈಪಿನ ಕೆಲಸ ಇತ್ತು. ಹೊರಗೆ ಗಾಳಿ, ಜಡಿಮಳೆ. ಶಟರ್ ಅರ್ಧ ಇಳಿಸಿ ಒಳಗೇ ಮಾಡಿದರು. ನಮ್ಮ ಶೆಡ್ಡಿಗೆ ಹಿಂದೆ ಕಿಟಕಿ ಇಲ್ಲ, ಮೇಲೆ ಶೀಟು. ಬಿಳಿ ಹೊಗೆ ಹೇಗೆ ತುಂಬಿತ್ತು ಅಂದರೆ ಒಳಗೆ ಹೋದವನಿಗೆ ಯಾರು ಎಲ್ಲಿ ಕೂತಿದ್ದಾರೆ ಅಂತ ಕಿಡಿ ನೋಡಿ ಗೊತ್ತಾಗಬೇಕು.

ಆ ರಾತ್ರಿ ಅವನಿಗೆ ಜ್ವರ, ನಡುಕ. ಜಿಐ ವೆಲ್ಡಿಂಗ್ ಮಾಡಿದ ದಿನ ರಾತ್ರಿ ಜ್ವರ ಬರೋದು ನಮಗೆ ಹೊಸದಲ್ಲ. ನನಗೂ ಎಷ್ಟೋ ಸಲ ಬಂದಿದೆ. ಬಾಯೆಲ್ಲ ತಾಮ್ರದ ರುಚಿ, ಮೈಕೈ ನೋವು, ಬೆಳಗ್ಗೆ ಎದ್ದರೆ ಏನೂ ಇಲ್ಲ. ಅದೇ ಇರಬೇಕು ಅಂತ ಹಾಲು ಬೆಲ್ಲ ಕೊಟ್ಟು ಮಲಗಿಸಿದ್ದಾರೆ ರೂಮಿನಲ್ಲಿ. ಭಾನುವಾರ ಕಮ್ಮಿ ಆಗಲಿಲ್ಲ. ಸೋಮವಾರ ಫೋನ್ ಮಾಡಿದರೆ "ಬರ್ತೀನಣ್ಣ ನಾಳೆ" ಅಂದ. ಮಂಗಳವಾರ ನಾನೇ ರೂಮಿಗೆ ಹೋದೆ. ಬಲಗಡೆ ಪಕ್ಕೆ ಹಿಡಿದುಕೊಂಡು ಕೂತಿದ್ದ. ಉಸಿರು ಎಳೆದರೆ ಚುಚ್ಚುತ್ತದೆ ಅಂದ. ಕಫ ತುಕ್ಕಿನ ಬಣ್ಣ.

ಇದನ್ನ ಬರೆಯೋಕೆ ನನಗೆ ನಾಚಿಕೆ ಆಗುತ್ತೆ. ಆ ಬಣ್ಣ ನೋಡಿ ನಾವೆಲ್ಲ ಅಂದುಕೊಂಡಿದ್ದು, ಗ್ರೈಂಡಿಂಗ್ ಧೂಳು ಹೊರಗೆ ಬರ್ತಾ ಇದೆ, ಒಳ್ಳೇದೇ ಆಯ್ತು ಅಂತ. ಕಬ್ಬಿಣದ ಅಂಗಡಿಯವರಿಗೆ ತುಕ್ಕು ಕಂಡರೆ ಕಬ್ಬಿಣವೇ ನೆನಪಾಗೋದು. ಆಸ್ಪತ್ರೆಯಲ್ಲಿ ಡಾಕ್ಟರ್ ಅದನ್ನ ಕೇಳಿದ ತಕ್ಷಣ ಎಕ್ಸ್‌ರೇ ಬರೆದರು. ಬಲಗಡೆ ಕೆಳಭಾಗ ಪೂರ್ತಿ ಬೆಳ್ಳಗೆ. ನ್ಯುಮೋನಿಯಾ. ಕಫದಲ್ಲಿ ಬರೋದು ಕಬ್ಬಿಣ ಅಲ್ಲ, ರಕ್ತ ಬೆರೆತಿದ್ದಕ್ಕೆ ಆ ಬಣ್ಣ ಅಂದರು. ಆರು ದಿನ ಅಡ್ಮಿಟ್, ಎರಡು ದಿನ ಆಕ್ಸಿಜನ್. ಅವನ ಅವ್ವ ಹಳ್ಳಿಯಿಂದ ಬಂದು ವಾರ್ಡಿನ ಹೊರಗೆ ಕೂತಿದ್ದಳು. ನನ್ನ ಮುಖ ನೋಡಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು.

ಈಗ ಹುಡುಗ ಹುಷಾರಾಗಿದ್ದಾನೆ, ಊರಲ್ಲಿದ್ದಾನೆ. ಡಿಸ್ಚಾರ್ಜ್ ದಿನ ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ "ವೆಲ್ಡರ್‌ಗಳಿಗೆ ಇಂಗ್ಲೆಂಡಿನಲ್ಲಿ ಇದಕ್ಕೆ ಲಸಿಕೆ ಕೊಡ್ತಾರೆ" ಅಂತ ಹೇಳಿ ಹೋದರು. ಪೂರ್ತಿ ಕೇಳೋಕೆ ಆಗಲಿಲ್ಲ. ಅವತ್ತಿಂದ ಅದೇ ತಲೆಯಲ್ಲಿದೆ.

ಈ ಮಾತು ನಿಜವಾ? ನಿಜ ಆದರೆ ಯಾವ ಲಸಿಕೆ, ನಮ್ಮಲ್ಲಿ ಸಿಗುತ್ತಾ? ಒಂದು ಸಲ ಬಂದು ಹೋದವನಿಗೂ ಹಾಕಿಸಬೇಕಾ? ನನ್ನ ಶುಗರ್ ಇದಕ್ಕೆ ಅಡ್ಡಿನಾ? ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಎರಡು ಬಗೆ ಇದೆ ಅಂದರು, ಎರಡಕ್ಕೂ ರೇಟಿನಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ನಾಲ್ಕು ಜನಕ್ಕೂ ನಾನೇ ಹಾಕಿಸಲು ತಯಾರಿದ್ದೇನೆ. ಆದರೆ ಸುಮ್ನೆ ದುಡ್ಡು ಹಾಕಿದ ಹಾಗೆ ಆಗಬಾರದು. ನಮ್ಮ ಹಿರಿಯ ವೆಲ್ಡರ್ ಅಂತೂ "ಕೊರೊನಾದ್ದು ಎರಡು ಹಾಕಿಸ್ಕೊಂಡಾಯ್ತಲ್ಲಣ್ಣ, ಇನ್ನೆಷ್ಟು ಚುಚ್ಚಿಸ್ತೀಯ" ಅಂತಾನೆ.

ಗೊತ್ತಿದ್ದವರು ದಯವಿಟ್ಟು ಹೇಳಿ.

---

ಹಳೇ ಫಿಟ್ಟರ್, ಹರಿಹರ

ನಾನು 34 ವರ್ಷ ವೆಲ್ಡಿಂಗ್ ಮಾಡಿದವನು. ನನಗೆ ಯಾವ ಲಸಿಕೆಯೂ ಹಾಕಿಲ್ಲ, ಏನೂ ಆಗಿಲ್ಲ. ದಿನಾ ಬೆಲ್ಲ ತಿನ್ನುತ್ತಿದ್ದೆ, ಬಾಳೆಹಣ್ಣು ತಿನ್ನುತ್ತಿದ್ದೆ. ಈಗಿನ ಹುಡುಗರಿಗೆ ಮೈಯಲ್ಲಿ ಕಸುವಿಲ್ಲ. ನೀವು ಒಳ್ಳೆಯ ಮನಸ್ಸಿನವರು, ಆದರೆ ಆ ದುಡ್ಡಿಗೆ ಹಿಂದಿನ ಗೋಡೆ ಒಡೆಸಿ ಒಂದು ಕಿಟಕಿ ಇಡಿಸಿ. ನಮ್ಮ ಕಾರ್ಖಾನೆಯ ಶೆಡ್ಡು ಮೂವತ್ತು ಅಡಿ ಎತ್ತರ ಇತ್ತು. ಹೊಗೆ ಅದರ ಪಾಡಿಗೆ ಅದು ಮೇಲೆ ಹೋಗುತ್ತಿತ್ತು. ನಿಮ್ಮದು ಡಬ್ಬಿ.

---

ದುರ್ಗದ ಡಾಕ್ಟರ್

ಫಿಟ್ಟರ್ ಯಜಮಾನರು ಕಿಟಕಿಯ ವಿಷಯ ಸರಿಯಾಗೇ ಹೇಳಿದ್ದಾರೆ. ಬೆಲ್ಲದ ವಿಷಯ ಅಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡೂ ಎಲ್ಲೂ ಭೇಟಿ ಆಗೋದಿಲ್ಲ.

ಗೇಟು ಗ್ರಿಲ್ಲು ಅವರೇ, ಆ ಚಿಕ್ಕ ಡಾಕ್ಟರ್ ಹೇಳಿದ್ದು ನಿಜ. ನಾನು ಚಿತ್ರದುರ್ಗದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ನಮ್ಮಲ್ಲಿ ಲಾರಿ ಕೆಲಸದವರು, ಬೋರ್‌ವೆಲ್ ಗಾಡಿ ರಿಪೇರಿಯವರು ಬರುತ್ತಾರೆ. "ಏನು ಕೆಲಸ ಮಾಡ್ತೀಯಪ್ಪ" ಅಂತ ಕೇಳದೆ ಕೆಮ್ಮಿನ ಔಷಧಿ ಬರೆಯೋದು ನಾನೂ ಮಾಡಿದ ತಪ್ಪೇ.

ಈ ವಿಷಯ ಮೊದಲು ಹೊರಬಿದ್ದದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾವಿನ ದಾಖಲೆಗಳಿಂದ. ಅಲ್ಲಿ ಸತ್ತವರ ಕಸುಬನ್ನೂ ಬರೆದಿಡುತ್ತಾರೆ. ಹತ್ತಾರು ವರ್ಷದ ಲೆಕ್ಕ ನೋಡಿದಾಗ ವೆಲ್ಡರ್‌ಗಳು ನ್ಯುಮೋನಿಯಾದಿಂದ ಸಾಯೋದು ಬೇರೆಯವರಿಗಿಂತ ಜಾಸ್ತಿ ಅಂತ ಕಂಡಿತು. ಇಲ್ಲೊಂದು ಸ್ವಾರಸ್ಯ ಇದೆ. ಕೆಲಸ ಮಾಡುವ ವಯಸ್ಸಿನಲ್ಲಿ ಮಾತ್ರ ಜಾಸ್ತಿ. ರಿಟೈರ್ ಆದವರಲ್ಲಿ ಆ ವ್ಯತ್ಯಾಸವೇ ಕಾಣಲಿಲ್ಲ. ಬೀಡಿ ಸಿಗರೇಟು, ಬಡತನ ಇವೇ ಕಾರಣ ಆಗಿದ್ದರೆ ವಯಸ್ಸಾದ ಮೇಲೂ ಅದು ಕಾಣಬೇಕಿತ್ತು ಅಲ್ವಾ? ಅಂದರೆ ಹೊಗೆ ನಿಂತರೆ ಈ ಅಪಾಯವೂ ಇಳಿಯುತ್ತದೆ. ಸೌತಾಂಪ್ಟನ್‌ನ ಸಂಶೋಧಕರು 1994ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನ ವೆಲ್ಡರ್‌ಗಳ ಕಸುಬಿನ ಕಾಯಿಲೆ ಅಂತಲೇ ಕರೆದರು. ಯಜಮಾನರಿಗೆ ಏನೂ ಆಗಲಿಲ್ಲ ಅನ್ನೋದೂ ನಿಜ, ಅವರ ಶೆಡ್ಡು ಮೂವತ್ತು ಅಡಿ ಇತ್ತು ಅನ್ನೋದೂ ನಿಜ.

ಯಾಕೆ ಹೀಗೆ? ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗು ಗಂಟಲಲ್ಲಿ ಸುಮ್ನೆ ಕೂತಿರುತ್ತದೆ. ವೆಲ್ಡಿಂಗ್ ಹೊಗೆಯ ಕಣ ಬಹಳ ಸಣ್ಣದು, ಒಂದು ಮೈಕ್ರಾನಿಗಿಂತ ಕಮ್ಮಿ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದರಲ್ಲಿ ಕಬ್ಬಿಣ ಇದೆ, ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ಜೊತೆಗೆ ಆ ಹೊಗೆ ತಾಗಿದ ಜೀವಕೋಶಗಳ ಮೇಲೆ ನ್ಯುಮೋಕಾಕಸ್ ಹಿಡಿದುಕೊಳ್ಳುವ ಒಂದು ಕೊಂಡಿ ಜಾಸ್ತಿ ಆಗುತ್ತದೆ ಅಂತ ಲ್ಯಾಬಿನಲ್ಲಿ ತೋರಿಸಿದ್ದಾರೆ. ನಿಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ಕಳ್ಳನಿಗೆ ಊಟವನ್ನೂ ಇಟ್ಟು ಗೋಡೆಗೆ ಏಣಿಯನ್ನೂ ಹಾಕಿಕೊಟ್ಟ ಹಾಗೆ.

ಬ್ರಿಟನ್ನಿನಲ್ಲಿ ಲಸಿಕೆ ಬಗ್ಗೆ ಸಲಹೆ ಕೊಡುವ ಸಮಿತಿ 2011ರಲ್ಲಿ ವೆಲ್ಡರ್‌ಗಳಿಗೆ ನ್ಯುಮೋಕಾಕಸ್ ಲಸಿಕೆ ಕೊಡಬೇಕು ಅಂದಿತು. ಜರ್ಮನಿಯವರು 2016ರಲ್ಲಿ ವೆಲ್ಡರ್‌ಗಳನ್ನ ತಮ್ಮ ಪಟ್ಟಿಗೆ ಸೇರಿಸಿದರು. 2019ರಲ್ಲಿ ಫಿನ್‌ಲ್ಯಾಂಡಿನ ತುರ್ಕು ಊರಿನ ಹಡಗು ಕಟ್ಟುವ ಕಡೆ ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹಬ್ಬಿ, ಕೆಲಸಗಾರರಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದರು. ನಿಮ್ಮ ಹುಡುಗರು ಒಂದೇ ರೂಮಿನಲ್ಲಿ ಎಷ್ಟು ಜನ ಮಲಗುತ್ತಾರೆ ನೋಡಿ. ಅದೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ದೇಶದಲ್ಲಿ ಸರ್ಕಾರ ಈ ಲಸಿಕೆಯನ್ನ ಮಕ್ಕಳಿಗೆ ಉಚಿತವಾಗಿ ಕೊಡುತ್ತದೆ. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ. ದೊಡ್ಡವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಮೆಡಿಕಲ್ ಶಾಪಿನವರು ಹೇಳಿದ ಎರಡು ಬಗೆ ಇವು. ಒಂದು, 23 ತಳಿಗಳ ಮೇಲೆ ಕೆಲಸ ಮಾಡುವ ಹಳೆಯ ಪಾಲಿಸ್ಯಾಕರೈಡ್ ಲಸಿಕೆ. ಬ್ರಿಟನ್ನಿನಲ್ಲಿ ವೆಲ್ಡರ್‌ಗೆ ಅಂತ ಸಲಹೆ ಕೊಟ್ಟಿದ್ದು ಇದನ್ನೇ, ಒಂದು ಡೋಸು. ಇನ್ನೊಂದು ಕಾಂಜುಗೇಟ್ ಲಸಿಕೆ, ಸಾಮಾನ್ಯವಾಗಿ 13 ತಳಿಯದು, ರೇಟು ಜಾಸ್ತಿ. ಯಾರಿಗೆ ಯಾವುದು, ಒಂದೇನಾ ಎರಡೂ ಬೇಕಾ ಅನ್ನೋದನ್ನ ಅವರನ್ನ ಪರೀಕ್ಷೆ ಮಾಡಿದ ಡಾಕ್ಟರ್ ಹೇಳಬೇಕು. ಇಲ್ಲಿ ಕೂತು ನಾನು ಬರೆದುಕೊಡಲ್ಲ.

ಶುಗರ್ ಅಡ್ಡಿ ಅಲ್ಲ ಸ್ವಾಮಿ, ಉಲ್ಟಾ. ಶುಗರ್ ಇರುವವರಿಗೆ ವೆಲ್ಡಿಂಗ್ ಮಾಡದಿದ್ದರೂ ಈ ಲಸಿಕೆ ಹೇಳುತ್ತೇವೆ. ಮೊದಲು ನೀವು ತೋಳು ಕೊಡಿ. ಬಂದು ಹೋದ ಹುಡುಗನಿಗೂ ಬೇಕು. ನ್ಯುಮೋಕಾಕಸ್‌ನಲ್ಲಿ 90ಕ್ಕೂ ಜಾಸ್ತಿ ತಳಿಗಳಿವೆ, ಒಂದು ಸಲ ಬಂದರೆ ಉಳಿದವು ಬಿಡೋದಿಲ್ಲ. ಪೂರ್ತಿ ಚೇತರಿಸಿಕೊಳ್ಳಲಿ, ಆಮೇಲೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಕೇಳಿ. ಎಷ್ಟೋ ಸಲ ನ್ಯುಮೋನಿಯಾ ಫ್ಲೂ ಬೆನ್ನ ಹಿಂದೆಯೇ ಬರುತ್ತದೆ. ಕೊರೊನಾ ಲಸಿಕೆ ಕೊರೊನಾಕ್ಕೆ ಮಾತ್ರ, ನಿಮ್ಮ ಹಿರಿಯ ವೆಲ್ಡರ್‌ಗೆ ಹೇಳಿ.

ಕೊನೆಗೆ ಎರಡು ಮಾತು. ಲಸಿಕೆ ಹಾಕಿಸಿದರೆ ನ್ಯುಮೋನಿಯಾ ಬರೋದೇ ಇಲ್ಲ ಅಂತಲ್ಲ, ಅದರಲ್ಲೂ ಪ್ರಾಣಕ್ಕೆ ಕುತ್ತು ತರುವಂಥದ್ದು ಬರುವ ಸಂಭವ ಕಮ್ಮಿ ಆಗುತ್ತದೆ. ಮತ್ತೆ, ಜಿಐ ಹೊಗೆಯ ಜ್ವರ ಕೆಲಸ ಮಾಡಿದ ಕೆಲವು ಗಂಟೆಯಲ್ಲಿ ಬಂದು ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತದೆ. ಎರಡನೇ ದಿನ ದಾಟಿತು, ಪಕ್ಕೆ ನೋವು ಬಂತು, ಏದುಸಿರು ಬಂತು, ಕಫಕ್ಕೆ ಬಣ್ಣ ಬಂತು ಅಂದರೆ ಅದು ಬೇರೆ. ಹಾಲು ಕಾಯಿಸುತ್ತಾ ಕೂರಬೇಡಿ.

---

ಗೇಟು ಗ್ರಿಲ್ಲು, ದಾವಣಗೆರೆ

ಡಾಕ್ಟರ್ ಸಾಹೇಬ್ರೇ, ತುಂಬಾ ಉಪಕಾರ ಆಯ್ತು. ಕಳ್ಳನಿಗೆ ಏಣಿ ಹಾಕಿಕೊಟ್ಟ ಮಾತು ಹುಡುಗರಿಗೆ ಓದಿ ಹೇಳಿದೆ. ನಮ್ಮ ಹಿರಿಯ ವೆಲ್ಡರ್ ನಕ್ಕು, "ಆ ಏಣಿಗೂ ನಾವೇ ವೆಲ್ಡಿಂಗ್ ಮಾಡಿರ್ತೀವಿ" ಅಂದ. ರೂಮಿನಲ್ಲಿ ಮೂರು ಜನ ಮಲಗುತ್ತಾರೆ. ಕಿಟಕಿ ಇದೆ, ಆದರೆ ಸೊಳ್ಳೆಗೆ ಅಂತ ಮುಚ್ಚಿರುತ್ತಾರೆ.

---

ಸೇಫ್ಟಿಯವನು

ನಾನು ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಊರು ಹೆಸರು ಬೇಡ. ಡಾಕ್ಟರ್ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ನನಗೊಂದು ಭಯ ಇದೆ. ಲಸಿಕೆ ಹಾಕಿಸಿದ ಮೇಲೆ ಮಾಲೀಕರು "ನನ್ನ ಕೆಲಸ ಮುಗೀತು" ಅಂದುಬಿಡುತ್ತಾರೆ. ನಿಮ್ಮನ್ನ ಅಂತ ಅಲ್ಲ ಅಣ್ಣಾ, ನಾನು ನೋಡಿದ್ದು ಹೇಳುತ್ತಿದ್ದೇನೆ. ಹೆಲ್ಮೆಟ್ ಕೊಟ್ಟು ಫೋಟೋ ತೆಗೆಸಿ ವಾಪಸ್ ಇಸ್ಕೊಂಡವರನ್ನ ನೋಡಿದ್ದೇನೆ.

ಲಸಿಕೆ ತಡೆಯೋದು ಒಂದು ಬ್ಯಾಕ್ಟೀರಿಯಾವನ್ನ. ಹೊಗೆ ಮಾಡೋದು ಅದೊಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವ ಗುಂಪೇ ಅದು. ಮೊದಲು ಎಲ್ಲರೂ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಕೆಟ್ಟದ್ದು, ಅದರಲ್ಲಿ ಕ್ರೋಮಿಯಂ ನಿಕಲ್ ಇದೆ, ಎಂಎಸ್ (ಮೈಲ್ಡ್ ಸ್ಟೀಲ್, ಗೇಟು ಗ್ರಿಲ್ಲಿನ ಮಾಮೂಲಿ ಕಬ್ಬಿಣ) ಪರವಾಗಿಲ್ಲ ಅನ್ನುತ್ತಿದ್ದರು. ಈಗ ಆ ಮಾತಿಲ್ಲ. ಬ್ರಿಟನ್ನಿನ ಸುರಕ್ಷತಾ ಇಲಾಖೆ 2019ರಲ್ಲಿ ಎಂಎಸ್ ಆದರೂ ಒಳಗೆ ಮಾಡುವಾಗ ಹೊಗೆ ಹುಟ್ಟುವ ಜಾಗದಲ್ಲೇ ಎಳೆಯಬೇಕು, ಹೊರಗೆ ಮಾಡುವಾಗ ಸರಿಯಾದ ಮಾಸ್ಕ್ ಹಾಕಬೇಕು ಅಂತ ಬಿಗಿ ಮಾಡಿತು. ಸುಮ್ನೆ ಗಾಳಿ ಆಡುತ್ತೆ ಅನ್ನೋದು ಸಾಲದು ಅಂತಲೂ ಹೇಳಿತು. ಅಷ್ಟೆಲ್ಲ ಇದ್ದೂ ಅಲ್ಲಿ ವರ್ಷಕ್ಕೆ 40ರಿಂದ 50 ವೆಲ್ಡರ್‌ಗಳು ಹೊಗೆಯಿಂದಾದ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರುತ್ತಾರೆ, ಇಬ್ಬರು ಸಾಯುತ್ತಾರೆ ಅಂತ ಅದೇ ಇಲಾಖೆ ಬರೆದಿದೆ. ನಮ್ಮಲ್ಲಿ ಅದನ್ನ ಎಣಿಸುವವರೇ ಇಲ್ಲ. ಜ್ವರ ಬಂತು, ಸತ್ತ. ಅಷ್ಟೇ.

ನಿಮ್ಮ ಶೆಡ್ಡಿಗೆ ಏನು ಮಾಡಬಹುದು ಅಂತ ಹೇಳುತ್ತೇನೆ. ಹಿಂದಿನ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಸರಿ. ಆದರೆ ಫ್ಯಾನು ಎಲ್ಲಿದೆ, ವೆಲ್ಡರ್ ಎಲ್ಲಿ ಕೂತಿದ್ದಾನೆ ಅನ್ನೋದು ಮುಖ್ಯ. ಗಾಳಿ ಶಟರಿನಿಂದ ಬಂದು ಅವನ ಪಕ್ಕದಿಂದ ಹಾದು ಹಿಂದೆ ಹೋಗಬೇಕು. ಅವನು ಫ್ಯಾನಿಗೂ ಕೆಲಸಕ್ಕೂ ನಡುವೆ ಕೂತರೆ ಹೊಗೆಯೆಲ್ಲ ಅವನ ಮೂಗಿನ ಮೂಲಕವೇ ಹೋಗುತ್ತದೆ. ಟೇಬಲ್ ತಿರುಗಿಸಿ ಹಾಕಿದರೆ ಅರ್ಧ ಕೆಲಸ ಆಯಿತು, ಒಂದು ಪೈಸೆ ಖರ್ಚಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗ್ರಿಲ್ಲಿನ ಮೇಲೆ ಬಗ್ಗಿ ವೆಲ್ಡಿಂಗ್ ಮಾಡೋದು ನಮ್ಮ ಕಡೆಯ ದೊಡ್ಡ ಕೆಟ್ಟ ಅಭ್ಯಾಸ. ತಲೆ ನೇರ ಹೊಗೆಯ ಮೇಲೇ ಇರುತ್ತದೆ. ಕೆಲಸವನ್ನ ಸೊಂಟದ ಎತ್ತರಕ್ಕೆ ಎತ್ತಿ. ನಿಮಗೆ ಸ್ಟ್ಯಾಂಡ್ ಮಾಡಿಕೊಳ್ಳೋದು ಹೇಳಿಕೊಡಬೇಕಾ!

ಸಿಒಟು ಮೆಷಿನ್ ಇದ್ದರೆ ಪೆಡೆಸ್ಟಲ್ ಫ್ಯಾನ್ ಹತ್ತಿರ ಇಡಬೇಡಿ. ಗ್ಯಾಸ್ ಹಾರಿಹೋಗಿ ವೆಲ್ಡಿಂಗ್ ತೂತು ತೂತು ಬರುತ್ತದೆ. ಆಮೇಲೆ ಹುಡುಗರು ಫ್ಯಾನೇ ಬೇಡ ಅಂತಾರೆ.

ಜಿಐ ಪೈಪು ಬಂದರೆ ಜೋಡಿಸುವ ಕಡೆ ಸತುವಿನ ಲೇಪನ ಗ್ರೈಂಡ್ ಮಾಡಿ ತೆಗೆದು, ಆಮೇಲೆ ವೆಲ್ಡಿಂಗ್. ಅಂಥ ಕೆಲಸ ಹೊರಗೇ ಮಾಡಲಿ. ಮಳೆ ಇದ್ದರೆ ಗಿರಾಕಿಗೆ ಎರಡು ದಿನ ತಡ ಅಂತ ಹೇಳಿ, ಅವರ ದನ ಏನೂ ಓಡಿಹೋಗಲ್ಲ.

ಮಾಸ್ಕ್ ಅಂದರೆ ಕರ್ಚೀಫ್ ಅಲ್ಲ, ಕೊರೊನಾ ಕಾಲದ ನೀಲಿ ಬಟ್ಟೆಯೂ ಅಲ್ಲ. ಕಣ್ಣಿಗೆ ಹಿಡಿಯುವ ಶೀಲ್ಡ್ ಹೊಗೆಯನ್ನ ತಡೆಯೋದಿಲ್ಲ, ಅದು ಬೆಳಕಿಗೆ ಮಾತ್ರ. ಎನ್95 ಅಥವಾ ಎಫ್‌ಎಫ್‌ಪಿ2 ಕಮ್ಮಿಯಲ್ಲಿ ಕಮ್ಮಿ, ಸಿಕ್ಕರೆ ಎಫ್‌ಎಫ್‌ಪಿ3. ಮಡಚುವ ಬಗೆಯದು ಶೀಲ್ಡಿನ ಒಳಗೆ ಕೂರುತ್ತದೆ. ಮುಖಕ್ಕೆ ಅಂಟಿ ಕೂರಬೇಕು, ಗಡ್ಡ ಇದ್ದರೆ ಪಕ್ಕದಿಂದ ಹೊಗೆ ನುಗ್ಗುತ್ತದೆ.

ಇನ್ನೊಂದು. ನಿಮ್ಮಲ್ಲಿ ನಾಲ್ಕೇ ಜನ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಸಾಮಾನ್ಯವಾಗಿ ಕಡ್ಡಾಯ ಆಗೋದಿಲ್ಲ. ಕಡ್ಡಾಯ ಆಗೋಕೆ ಸಾಮಾನ್ಯವಾಗಿ ಹತ್ತು ಜನ ಬೇಕು. ಇದನ್ನ ಓದುತ್ತಿರುವ ದೊಡ್ಡ ಶೆಡ್ಡಿನವರು ಇದ್ದರೆ, 21,000 ರೂಪಾಯಿವರೆಗೆ ಸಂಬಳ ಇರುವವರನ್ನ ಇಎಸ್‌ಐಗೆ ಸೇರಿಸಿ. ಆರು ದಿನದ ಆಸ್ಪತ್ರೆ ಬಿಲ್ಲು ನೋಡಿದ ಮೇಲೆ ಆ ಕಂತು ದೊಡ್ಡದು ಅನ್ನಿಸೋದಿಲ್ಲ.

---

ಚಳ್ಳಕೆರೆ ಅಕ್ಕ

ಡಾಕ್ಟರ್ ಸರ್, ನಡುವೆ ಒಂದು ಪ್ರಶ್ನೆ. ನಮ್ಮ ಯಜಮಾನರು ಎಣ್ಣೆ ಮಿಲ್ಲುಗಳ ರಿಪೇರಿ ವೆಲ್ಡಿಂಗ್ ಮಾಡುತ್ತಾರೆ, 22 ವರ್ಷದಿಂದ. ಎರಡು ವರ್ಷದ ಹಿಂದೆ ಕೆಮ್ಮು ಅಂತ ಹೋದರೆ ಎಕ್ಸ್‌ರೇ ನೋಡಿ ಟಿಬಿ ಇರಬೇಕು ಅಂದರು ಒಂದು ಕಡೆ. ಕಫದ ಪರೀಕ್ಷೆಗೆ ಮುಂಚೆಯೇ ಮಾತ್ರೆ ಶುರು ಮಾಡಿದರು. ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿದೆವು. ನನ್ನ ಅತ್ತೆ ಮೊಮ್ಮಕ್ಕಳನ್ನ ಅವರ ಹತ್ತಿರ ಬಿಡಲಿಲ್ಲ. ಆಮೇಲೆ ಇನ್ನೊಂದು ಕಡೆ ಕಫ ಪರೀಕ್ಷೆ ಮಾಡಿ ಟಿಬಿ ಇಲ್ಲ, ಇದು ಕಬ್ಬಿಣದ ಪುಡಿ ಕೂತಿರೋದು ಅಂದರು. ಹಾಗೂ ಇರುತ್ತಾ? ಈ ಲಸಿಕೆ ಹಾಕಿಸಿದರೆ ಆ ಪುಡಿ ಹೋಗುತ್ತಾ?

---

ದುರ್ಗದ ಡಾಕ್ಟರ್

ಇರುತ್ತೆ ಅಕ್ಕಾ. ಸಿಡರೋಸಿಸ್ ಅಂತ ಅದರ ಹೆಸರು. ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವರ ಎಕ್ಸ್‌ರೇನಲ್ಲಿ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಕಬ್ಬಿಣ ಎಕ್ಸ್‌ರೇ ಕಿರಣವನ್ನ ತಡೆಯುವುದರಿಂದ ನೋಡೋಕೆ ಭಯಂಕರ, ಆದರೆ ಅದೊಂದೇ ಇದ್ದರೆ ತೊಂದರೆ ಕಮ್ಮಿ. ಹೊಗೆಯಿಂದ ದೂರ ಆದರೆ ವರ್ಷಗಳಲ್ಲಿ ಎಕ್ಸ್‌ರೇ ತಿಳಿಯಾಗುವುದೂ ಉಂಟು. ಲಸಿಕೆಯಿಂದ ಪುಡಿ ಹೋಗೋದಿಲ್ಲ, ಅದರ ಕೆಲಸವೇ ಬೇರೆ.

ಹಾಗಂತ ಎಲ್ಲ ವೆಲ್ಡರ್‌ಗಳ ಚುಕ್ಕೆಯೂ ಕಬ್ಬಿಣ ಅಂದುಕೊಂಡು ಟಿಬಿಯನ್ನ ಬಿಡಬಾರದು. ನಮ್ಮ ದೇಶದಲ್ಲಿ ಅದು ಇನ್ನೂ ದೊಡ್ಡ ತಪ್ಪು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪರೀಕ್ಷೆ ಮಾಡಿಸುವಾಗ "ವೆಲ್ಡಿಂಗ್ ಕೆಲಸ, ಇಷ್ಟು ವರ್ಷ" ಅಂತ ನೀವೇ ಹೇಳಿ. ನಾವು ಕೇಳೋಕೆ ಮರೆತರೂ ನೀವು ಮರೆಯಬೇಡಿ. ಹಳೇ ಎಕ್ಸ್‌ರೇ ಎಸೆಯಬೇಡಿ, ಮುಂದೆ ಹೋಲಿಸಿ ನೋಡೋಕೆ ಬೇಕು.

ತಟ್ಟೆ ಲೋಟ ಬೇರೆ ಮಾಡಬೇಕಿರಲಿಲ್ಲ. ಟಿಬಿ ಇದ್ದಿದ್ದರೂ ಬೇಕಿರಲಿಲ್ಲ, ಅದು ಗಾಳಿಯಲ್ಲಿ ಹರಡೋದು. ನಿಮ್ಮ ಅತ್ತೆಯವರಿಗೆ ಹೇಳಿ.

---

ಗೇಟು ಗ್ರಿಲ್ಲು, ದಾವಣಗೆರೆ

ಮೂರು ವಾರ ಆಯಿತು. ಏನಾಯ್ತು ಅಂತ ಕೇಳಿ ಇಬ್ಬರು ಮೆಸೇಜ್ ಮಾಡಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಡಾಕ್ಟರ್ ಹತ್ತಿರ ಎಲ್ಲರನ್ನೂ ಕರೆದುಕೊಂಡು ಹೋದೆ, ಹುಡುಗನ ಡಿಸ್ಚಾರ್ಜ್ ಚೀಟಿ ಸಮೇತ. ವೆಲ್ಡರ್‌ಗಳಿಗೆ ಅಂತ ಕೇಳಿಕೊಂಡು ಬಂದವರು ನೀವೇ ಮೊದಲು ಅಂದರು. ಅವರೂ ಒಂದು ದಿನ ಟೈಮ್ ತಗೊಂಡು ಓದಿ ನೋಡಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಇಬ್ಬರು ಹುಡುಗರಿಗೆ 23ರದ್ದು ಸಾಕು ಅಂದರು. ನನಗೆ ಶುಗರ್ ಇರೋದಕ್ಕೆ ಮೊದಲು 13ರದ್ದು, ಇನ್ನೊಂದು ಆಮೇಲೆ ಅಂತ ಬರೆದರು. ಜಗಳೂರಿನ ಹುಡುಗನಿಗೆ ಮುಂದಿನ ತಿಂಗಳು ಎಕ್ಸ್‌ರೇ ಮತ್ತೆ ತೆಗೆಸಿ ನೋಡಿ ಆಮೇಲೆ. ಮೆಡಿಕಲ್ ಶಾಪಿನಿಂದ ಲಸಿಕೆ ತರುವಾಗ ಐಸ್ ಡಬ್ಬಿಯಲ್ಲೇ ತರಬೇಕು, ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕು ಅಂತ ನರ್ಸ್ ಮೇಡಂ ಎರಡು ಸಲ ಹೇಳಿ ಕಳಿಸಿದರು. ನಾನು ಬೈಕಿನ ಡಿಕ್ಕಿಯಲ್ಲಿ ತರೋಣ ಅಂತಿದ್ದೆ.

ಹಿರಿಯ ವೆಲ್ಡರ್ ಮಾತ್ರ ಬರಲಿಲ್ಲ. ಬಾಗಿಲವರೆಗೂ ಬಂದು "ಟ್ರೇಲರ್ ಆಕ್ಸಲ್ ಅರ್ಜೆಂಟ್ ಇದೆ" ಅಂತ ವಾಪಸ್ ಹೋದ. 900 ಡಿಗ್ರಿ ಕೆಂಪಗಿರುವ ಕಬ್ಬಿಣದ ಪಕ್ಕ ಕೂರುವವನು, ಸೂಜಿ ಅಂದರೆ ಹೆದರುತ್ತಾನೆ. ಇಪ್ಪತ್ತು ವರ್ಷದಿಂದ ಗೊತ್ತಿರುವ ಮನುಷ್ಯ, ಅವತ್ತೇ ನನಗೆ ಗೊತ್ತಾಗಿದ್ದು. ಒತ್ತಾಯ ಮಾಡಲಿಲ್ಲ. ಅವನ ಹೆಂಡತಿಗೆ ಹೇಳಿದ್ದೇನೆ, ಇನ್ನು ಅವರಿಬ್ಬರೂ ನೋಡಿಕೊಳ್ಳಲಿ.

ಲಸಿಕೆ ಹಾಕಿಸಿಕೊಂಡ ಸಂಜೆ ಒಬ್ಬನಿಗೆ ತೋಳು ಊದಿ ಸ್ವಲ್ಪ ಮೈ ಬಿಸಿ ಆಗಿತ್ತು. ಮರುದಿನ ರಜೆ ಕೊಟ್ಟೆ. ಸಂಬಳ ಹಿಡಿಯಲಿಲ್ಲ. ಅದಕ್ಕೆ ಇನ್ನೊಬ್ಬನಿಗೂ ಮಧ್ಯಾಹ್ನದ ಹೊತ್ತಿಗೆ ತೋಳು ನೋವು ಶುರು ಆಯಿತು.

ಹಿಂದಿನ ಗೋಡೆ ಒಡೆಸಿದೆ. ಫಿಟ್ಟರ್ ಯಜಮಾನ್ರೇ, ನಿಮ್ಮ ಮಾತು ಕೇಳಿದೆ. 18 ಇಂಚಿನ ಎಕ್ಸಾಸ್ಟ್ ಫ್ಯಾನು ಕೂರಿಸಿ, ಟೇಬಲ್ ತಿರುಗಿಸಿ ಹಾಕಿದ್ದೇವೆ. ಸೊಂಟದೆತ್ತರಕ್ಕೆ ಎರಡು ಸ್ಟ್ಯಾಂಡ್ ಮಾಡಿದ್ದೇವೆ, ಚೂರುಪಾರು ಆಂಗಲ್ಲಿನಲ್ಲೇ. ಮೊದಲ ದಿನ ಎಲ್ಲರೂ ಬೈದುಕೊಂಡರು. ಇಪ್ಪತ್ತು ವರ್ಷ ಕುಕ್ಕರಗಾಲಲ್ಲಿ ಕೂತವರಿಗೆ ನಿಂತು ಮಾಡಿದರೆ ಸೀಮ್ ಸೊಟ್ಟ ಬರುತ್ತದಂತೆ. ನಾಲ್ಕನೇ ದಿನ ಬೆನ್ನು ನೋವು ಕಮ್ಮಿ ಅಂತ ಅವರೇ ಹೇಳಿದರು. ಈಗ ಫ್ಯಾನಿನ ಹೊಗೆ ಹಿಂದಿನ ಓಣಿಗೆ ಹೋಗುತ್ತದೆ, ಅಲ್ಲೊಬ್ಬರು ಮಂಡಕ್ಕಿ ಮಿರ್ಚಿ ಗಾಡಿ ಇಡುತ್ತಾರೆ ಸಂಜೆ. ಮೊನ್ನೆ ಬಂದು ಜಗಳ ಮಾಡಿದರು. ಸರಿಯೇ ಅಲ್ವಾ, ನಮ್ಮ ಹುಡುಗರ ಮೂಗಿನಿಂದ ತೆಗೆದು ಅವರ ಎಣ್ಣೆ ಬಾಣಲೆಗೆ ಹಾಕಿದ ಹಾಗಾಯಿತು. ಫ್ಯಾನಿಗೆ ಶೀಟಿನ ಕೊಳವೆ ಕಟ್ಟಿ ಮಾಡಿನ ಮೇಲಕ್ಕೆ ಒಯ್ಯುತ್ತಿದ್ದೇವೆ. ಈ ವಾರ ಮುಗಿಯುತ್ತದೆ. ಅಲ್ಲಿಯವರೆಗೆ ಸಂಜೆ 5 ಗಂಟೆ ಮೇಲೆ ವೆಲ್ಡಿಂಗ್ ಬಂದ್, ಬರೀ ಪೇಂಟಿಂಗ್, ಫಿಟ್ಟಿಂಗ್.

ಜಿಐ ಕೆಲಸ ಹೊರಗೆ ಮಾತ್ರ ಅಂತ ಗೋಡೆಯ ಮೇಲೆ ಬರೆಸಿದ್ದೇನೆ. ಮೊನ್ನೆ ಮಳೆ ಬಂದಾಗ ಒಬ್ಬ ಗಿರಾಕಿ ಕೆಲಸ ವಾಪಸ್ ತಗೊಂಡು ಹೋದ. ಹೋಗಲಿ.

ಸೇಫ್ಟಿಯವರಿಗೆ ಒಂದೇ ಒಂದು ಪ್ರಶ್ನೆ ಉಳಿದಿದೆ. ಮಾಸ್ಕ್ ತಂದಿದ್ದೇನೆ. ಇಬ್ಬರು ಹಾಕಿಕೊಳ್ಳುತ್ತಾರೆ. ಹಿರಿಯ ವೆಲ್ಡರ್‌ಗೆ ದೊಡ್ಡ ಮೀಸೆ, ಅದರ ಜೊತೆ ಕುರುಚಲು ಗಡ್ಡ. ಗಡ್ಡ ತೆಗಿ ಅಂದರೆ ಮೀಸೆಯನ್ನೂ ತೆಗೆಸ್ತೀರಿ ಅಂತ ಹೆದರಿಕೊಂಡು ಕೂತಿದ್ದಾನೆ. ಮೀಸೆ ಇಟ್ಟುಕೊಂಡರೆ ನಡೆಯುತ್ತಾ?

---

ಸೇಫ್ಟಿಯವನು

ಮೀಸೆ ಮಾಸ್ಕಿನ ಒಳಗೇ ಕೂತು ಅಂಚಿಗೆ ಬರದಿದ್ದರೆ ತೊಂದರೆ ಇಲ್ಲ. ತುದಿ ಹುರಿ ಮಾಡಿ ಕೆನ್ನೆಗೆ ಬಂದಿದ್ದರೆ ಅಷ್ಟು ಕತ್ತರಿಸಿ. ಗಡ್ಡ ಮಾತ್ರ ಎರಡು ದಿನದ ಕುರುಚಲೂ ಬೇಡ.

---

ಗೇಟು ಗ್ರಿಲ್ಲು, ದಾವಣಗೆರೆ

ಹಾಗಾದ್ರೆ ಸರಿ. ತುದಿ ಸ್ವಲ್ಪ ಹುರಿ ಇದೆ. ನಾಳೆ ಕಟಿಂಗ್ ಶಾಪಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಅದು ಲಸಿಕೆ ಹಾಕುವ ಡಾಕ್ಟರ್ ಕ್ಲಿನಿಕ್ ಪಕ್ಕದಲ್ಲೇ ಇದೆ ಅಂತ ಅವನಿಗೆ ಹೇಳಿಲ್ಲ.